ಮೂರು ಗುಡ್ಡಕ್ಕೆ ನಾಲ್ಕು ಎಲೆ

ಹಾಸನದ ಒಂದು ಸರ್ಕಾರಿ ಕಚೇರಿಯಲ್ಲಿ ಅರ್ಜಿ ಪರಿಶೀಲಿಸುವ ಮೇಜಿನ ಹಿಂದೆ ನಾನು ಹದಿನೇಳು ವರ್ಷದಿಂದ ಕೂತಿದ್ದೇನೆ. ಸಹಿ ಹೊಂದುತ್ತದೆಯೇ, ಮೊಹರು ತೀರಾ ಹೊಸದಾಗಿ ಕಾಣುತ್ತಿದೆಯೇ, ಅರ್ಜಿಯಲ್ಲಿ ಬರೆದ ಮನೆಯಲ್ಲಿ ನಿಜಕ್ಕೂ ಆ ಮನುಷ್ಯ ವಾಸ ಮಾಡುತ್ತಿದ್ದಾನೆಯೇ ಎಂದು ನೋಡುವುದು ನನ್ನ ಕೆಲಸ. ಇಷ್ಟು ವರ್ಷ ಇದನ್ನೇ ಮಾಡಿದವರಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಯಾರಾದರೂ ಒಂದು ವಿಷಯವನ್ನು ಸಲೀಸಾಗಿ, ತಡವರಿಸದೆ ಹೇಳಿದರೆ ಸಂಶಯ ಬರುತ್ತದೆ. ನಿಜ ಹೇಳುವವರು ಸಾಮಾನ್ಯವಾಗಿ ಎಲ್ಲೋ ಒಂದು ಕಡೆ ತಡವರಿಸುತ್ತಾರೆ.

ಕಳೆದ ವರ್ಷ ಅವರೆಕಾಯಿ ಬರಲು ಶುರುವಾದ ದಿನಗಳಲ್ಲಿ ಶನಿವಾರ, ಭಾನುವಾರದ ಜೊತೆಗೆ ಸೋಮವಾರವೂ ನನಗೆ ರಜೆ ಸಿಕ್ಕಿತ್ತು. ಗುರುವಾರ ಸಂಜೆ ಕಚೇರಿಯಿಂದ ಬಂದು ಚಪ್ಪಲಿ ಬಿಡುತ್ತಿದ್ದೆ. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅವ್ವ ಹೇಳಿದಳು:

“ಮೂರು ದಿನ ರಜಾ ಐತಲ್ಲ ನಿಂಗೆ. ಶನಿವಾರ ಸೀಗೆಗುಡ್ಡ, ಭಾನುವಾರ ಮಾವಿನಕೆರೆ ಬೆಟ್ಟ, ಸೋಮವಾರ ಬೆಳಗೊಳದ ಚಿಕ್ಕಬೆಟ್ಟ. ಓಗಿ ಬರಾನ.”

ಒಂದು ಕಡೆಯೂ ತಡವರಿಸಲಿಲ್ಲ.

ನಮ್ಮವ್ವ ಅರಕಲಗೂಡಿನ ಕಡೆಯವಳು. ಆಲೂಗಡ್ಡೆ, ಹೊಗೆಸೊಪ್ಪು ಬೆಳೆಯುವ ಮನೆಯಲ್ಲಿ ಹುಟ್ಟಿ, ಹೊಳೆನರಸೀಪುರದ ಹತ್ತಿರದ ಹಳ್ಳಿಗೆ ಮದುವೆಯಾಗಿ ಬಂದು, ನಲವತ್ತು ವರ್ಷ ಹೊಲ, ದನ, ಅಪ್ಪನ ಸಿಟ್ಟು ಎಲ್ಲವನ್ನೂ ನೋಡಿಕೊಂಡವಳು. ಅಪ್ಪ ತೀರಿಕೊಂಡ ಮೇಲೆ ಗದ್ದೆಯನ್ನು ಪಾಲಿಗೆ ಕೊಟ್ಟು ನಮ್ಮ ಜೊತೆ ಹಾಸನದಲ್ಲಿದ್ದಾಳೆ. ಆಗ ಅವಳಿಗೆ ಅರವತ್ತೆರಡು. ಈ ಅರವತ್ತೆರಡು ವರ್ಷದಲ್ಲಿ ಅವಳು ಎಲ್ಲಿಗಾದರೂ ಕರೆದುಕೊಂಡು ಹೋಗಿ ಎಂದು ಬಾಯಿಬಿಟ್ಟು ಕೇಳಿದ್ದು ನನಗೆ ಗೊತ್ತಿಲ್ಲ. ನಾವೇ ಕರೆದರೂ “ನೀವು ಓಗ್ಬನ್ನಿ, ಮನೆ ಯಾರು ನೋಡ್ಕಳೋರು” ಎನ್ನುತ್ತಿದ್ದಳು. ಅಂಥವಳು ಮೂರು ದಿನಕ್ಕೆ ಮೂರು ಗುಡ್ಡಗಳನ್ನು ಯಾವ ದಿನ ಯಾವುದು ಎಂದು ಸಮೇತ ಗೊತ್ತು ಮಾಡಿಟ್ಟಿದ್ದಳು.

“ಮಂಡಿ ನೋವು ಅಂತಿದ್ದೆ?” ಎಂದೆ.

“ಅದು ಮೆಟ್ಲು ಇಳಿಯೋವಾಗ. ಅತ್ತೋವಾಗ ಏನಾಗಲ್ಲ.”

ನನ್ನ ಗಂಡ ಅಲ್ಲೇ ಕೂತು ಕಾಫಿ ಕುಡಿಯುತ್ತಿದ್ದರು. ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುವ ಅವರಿಗೆ ಗುಡ್ಡ ಎಂದರೆ ಸಾಕು. “ಹೋಗೋಣ ಅತ್ತೆ, ಗಾಡಿ ಸರ್ವಿಸ್ ಮಾಡ್ಸಿದೀನಿ ನೆನ್ನೆ” ಎಂದರು. ಮಗಳು ಎನ್‌ಸಿಸಿ ಕ್ಯಾಂಪಿಗೆ ಹೋಗಿದ್ದಳು. ಬೇಡ ಎನ್ನಲು ನನ್ನ ಹತ್ತಿರ ಕಾರಣ ಇರಲಿಲ್ಲ.

ಶನಿವಾರ ಬೆಳಿಗ್ಗೆ ಬುತ್ತಿ ಕಟ್ಟುವಾಗ ಮೊದಲ ಸಂಶಯ ಗಟ್ಟಿಯಾಯಿತು. ನಮ್ಮ ಮನೆಯಲ್ಲಿ ಪೂರಿ ಎಂದರೆ ಜೊತೆಗೆ ಆಲೂಗಡ್ಡೆ ಪಲ್ಯ. ಅದರಲ್ಲೂ ಅವ್ವ ಮಾಡಿದರೆ ಪೂರಿ ನೆಪಕ್ಕೆ, ಪಲ್ಯವೇ ಊಟ. ಅವತ್ತು ಆಲೂಗಡ್ಡೆ ಇರಲಿಲ್ಲ. ಅವರೆಕಾಳನ್ನು ಬೇಯಿಸಿ, ತೆಂಗಿನಕಾಯಿ ಹಾಕಿ, ಈರುಳ್ಳಿಯಿಲ್ಲದೆ, ಬೆಳ್ಳುಳ್ಳಿಯಿಲ್ಲದೆ ಒಗ್ಗರಣೆ ಮಾಡಿದ್ದಳು.

“ಆಲೂಗಡ್ಡೆ ಯಾಕಿಲ್ಲ?”

“ವಾಯು ಆಯ್ತದೆ.”

“ಅವರೆಕಾಳಿಗೆ ಆಗಲ್ವಾ?”

ಅವ್ವ ಬಾಳೆ ಎಲೆ ಕತ್ತರಿಸುತ್ತಿದ್ದಳು. ಕತ್ತರಿಸಿದ ತುಂಡುಗಳನ್ನು ಒರೆಸಿ, ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು. ನಾವು ಮೂರು ಜನ. ಎಲೆ ನಾಲ್ಕಿದ್ದವು. ಹರಿದರೆ ಒಂದಿರಲಿ ಎಂದಿರಬಹುದು. ಆದರೆ ಪೂರಿಗಳೂ ನಾಲ್ಕು ಜನಕ್ಕೆ ಆಗುವಷ್ಟಿದ್ದವು.

ಸೀಗೆಗುಡ್ಡ ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿ. ಬಿಸಿಲು ಇನ್ನೂ ಏರಿರಲಿಲ್ಲ. ಅವ್ವ ಮರೂನ್ ಸ್ವೆಟರ್ ಹಾಕಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನಮಗಿಂತ ಮುಂದೆ ಹತ್ತುತ್ತಿದ್ದಳು. ಹಿಂದಿನ ವರ್ಷ ಅವಳ ಎಡಗಣ್ಣಿಗೆ ಪೊರೆಯ ಆಪರೇಷನ್ ಆಗಿತ್ತು. ಅದಾದ ಮೇಲೆ ದೂರದ್ದೆಲ್ಲ ಚೆನ್ನಾಗಿ ಕಾಣುತ್ತದೆ ಎಂದು ಅವಳು ಹೇಳುತ್ತಿದ್ದುದು ನಿಜ. ಆದರೆ ಅವತ್ತು ಅವಳು ದೂರ ನೋಡುತ್ತಿರಲಿಲ್ಲ. ದಾರಿ ತಿರುಗುವ ಕಡೆಯೆಲ್ಲ ಮುಂದೆ ಯಾರಾದರೂ ಇದ್ದಾರಾ ಎಂದು ನೋಡುತ್ತಿದ್ದಳು.

ಮೇಲೆ ಒಂದು ಚಪ್ಪಟೆ ಬಂಡೆಯ ಮೇಲೆ ಒಬ್ಬರು ಕೂತಿದ್ದರು. ತೆಳ್ಳಗೆ, ಎತ್ತರಕ್ಕೆ, ಬಿಳಿ ಅಂಗಿ, ಬಿಳಿ ಪಂಚೆ. ಪಕ್ಕದಲ್ಲಿ ಛತ್ರಿ, ಬಟ್ಟೆ ಚೀಲ. ವಯಸ್ಸು ಅರವತ್ತೈದರ ಮೇಲಿರಬಹುದು. ನಮ್ಮನ್ನು ಕಂಡು ಎದ್ದು ನಿಂತು ಕೈಮುಗಿದರು. ಗುಡ್ಡದ ಮೇಲೆ ಸಿಕ್ಕ ಅಪರಿಚಿತರಿಗೆ ಯಾರೂ ಎದ್ದು ನಿಂತು ಕೈಮುಗಿಯುವುದಿಲ್ಲ.

“ದೇವಸ್ಥಾನದ ದಾರಿ ಇದೇನಾ?” ಎಂದು ಅವರು ಕೇಳಿದರು. ದೇವಸ್ಥಾನ ಅವರ ಬೆನ್ನ ಹಿಂದೆ ಕಾಣುತ್ತಿತ್ತು.

“ಅಲ್ಲೇ ಐತಲ್ಲ ಸ್ವಾಮಿ” ಎಂದಳು ಅವ್ವ. ಅವಳ ಮುಖದಲ್ಲಿ ನಗು ಬಂದು ಹೋಯಿತು. “ಕೂತ್ಕಳಿ. ನಾವೂ ತಿಂಡಿ ತಿನ್ನೋರೆ. ಒಂದ್ ಎಲೆ ಜಾಸ್ತಿ ಐತೆ.”

ನನ್ನ ಗಂಡ ಸಂತೋಷದಿಂದ ಜಾಗ ಮಾಡಿಕೊಟ್ಟರು. ಆ ಮನುಷ್ಯ ಕೂತು, ಎಲೆಗೆ ನೀರು ಚಿಮುಕಿಸಿ, ಬಡಿಸಿದ್ದನ್ನು ಏನು ಎತ್ತ ಎಂದು ಕೇಳದೆ ತಿಂದರು. ತಮ್ಮ ಚೀಲದಿಂದ ಹುರಿಗಡಲೆ ಉಂಡೆಯ ಡಬ್ಬಿ ತೆಗೆದು ನಮಗೆ ಕೊಟ್ಟರು. ಡಬ್ಬಿಯಲ್ಲಿ ನಾಲ್ಕೇ ಉಂಡೆಗಳಿದ್ದವು. ಉಂಡೆ ಒಂದೊಂದೂ ಒಂದೊಂದು ಗಾತ್ರ, ಕೈ ಪಳಗದವರು ಕಟ್ಟಿದ ಹಾಗೆ.

ತಿಂದು ಮುಗಿಸಿ, ಎಲೆ ಮಡಿಸಿ, “ಬಸ್ಸಿಗೆ ಹೊತ್ತಾಯ್ತು” ಎಂದು ಇಳಿದುಹೋದರು. ದೇವಸ್ಥಾನದ ದಾರಿ ಕೇಳಿದವರು ದೇವಸ್ಥಾನಕ್ಕೆ ಹೋಗಲೇ ಇಲ್ಲ.

“ಯಾರವ್ವ ಅವರು?” ಎಂದೆ.

“ಯಾರೋ. ಪಾಪ, ಒಬ್ರೇ ಬಂದವ್ರೆ.”

ಕಾರಿನಲ್ಲಿ ವಾಪಸು ಬರುವಾಗ ಅವ್ವ ಕಿಟಕಿಯ ಗಾಜು ಇಳಿಸಿಕೊಂಡು ಗಾಳಿಗೆ ಮುಖ ಒಡ್ಡಿದ್ದಳು. ಅವಳು ಅಷ್ಟು ಸಂತೋಷವಾಗಿದ್ದುದೇ ನನಗೆ ಕಿರಿಕಿರಿಯಾಗುತ್ತಿತ್ತು.

ಆ ಸಂಜೆ ಇನ್ನೊಂದು ಗಮನಿಸಿದೆ. ಐದೂವರೆಗೆಲ್ಲ ಅವ್ವ ತಟ್ಟೆ ಹಾಕಿಕೊಂಡು ಊಟ ಮುಗಿಸಿದಳು. ನಮ್ಮ ಮನೆಯಲ್ಲಿ ಒಂಬತ್ತಕ್ಕೆ ಮೊದಲು ಯಾರೂ ಉಣ್ಣುವುದಿಲ್ಲ. ಎಷ್ಟು ದಿನದಿಂದ ಹೀಗೆ ಎಂದು ಕೇಳಿದರೆ “ಬೇಗ ಉಂಡ್ರೆ ಒಳ್ಳೇದಂತೆ” ಎಂದಳು. ಯಾರು ಹೇಳಿದ್ದು ಎಂದು ಕೇಳುವ ಮೊದಲೇ ತಟ್ಟೆ ಎತ್ತಿಕೊಂಡು ಎದ್ದಳು. ಭಾನುವಾರದ ಕೋಳಿ ಸಾರನ್ನೂ ಅವಳು ಎರಡು ತಿಂಗಳಿಂದ ಮುಟ್ಟಿಲ್ಲ ಎಂಬುದು ಆಗ ನೆನಪಾಯಿತು. ಡಾಕ್ಟರು ಹೇಳಿರಬೇಕು ಎಂದುಕೊಂಡು ಸುಮ್ಮನಿದ್ದೆ.

ಭಾನುವಾರ ಬೆಳಿಗ್ಗೆ ಅವ್ವ ಸ್ನಾನಕ್ಕೆ ಹೋಗಿದ್ದಾಗ ಟೇಬಲ್ಲಿನ ಮೇಲಿದ್ದ ಅವಳ ಫೋನು ಹೊಡೆದುಕೊಂಡಿತು. ಪರದೆಯ ಮೇಲೆ ‘ಕಣ್ಣಾಸ್ಪತ್ರೆ’ ಎಂದಿತ್ತು. ಆಪರೇಷನ್ ಆಗಿ ಒಂದು ವರ್ಷದ ಮೇಲಾಗಿದೆ. ಭಾನುವಾರ ಬೆಳಿಗ್ಗೆ ಆರೂವರೆಗೆ ಯಾವ ಆಸ್ಪತ್ರೆ ರೋಗಿಗೆ ಫೋನು ಮಾಡುತ್ತದೆ? ನಾನು ಎತ್ತಿ “ಹಲೋ” ಎಂದೆ. ಆ ಕಡೆ ಯಾರೋ ಉಸಿರು ಹಿಡಿದುಕೊಂಡ ಹಾಗಾಯಿತು. ಫೋನು ಕಟ್ಟಾಯಿತು. ಕರೆಗಳ ಪಟ್ಟಿ ನೋಡಬಾರದಿತ್ತು. ನೋಡಿದೆ. ಮೇಲಿಂದ ಕೆಳಗಿನವರೆಗೆ ಕಣ್ಣಾಸ್ಪತ್ರೆ, ಕಣ್ಣಾಸ್ಪತ್ರೆ, ನಡುವೆ ಒಂದು ಸಲ ನಾನು, ಮತ್ತೆ ಕಣ್ಣಾಸ್ಪತ್ರೆ.

ಮಾವಿನಕೆರೆ ಬೆಟ್ಟದ ಮೆಟ್ಟಿಲು ಹತ್ತುವಾಗ ನಾನು ಅವ್ವನ ಹಿಂದೆಯೇ ಇದ್ದೆ. ಅರ್ಧ ದಾರಿಗೆ ಬರುವಷ್ಟರಲ್ಲಿ ಮೇಲೆ, ಮರದ ನೆರಳಿನಲ್ಲಿ, ಅದೇ ಬಿಳಿ ಪಂಚೆ, ಅದೇ ಛತ್ರಿ.

“ಅರೆ, ನೀವಾ” ಎಂದರು ನನ್ನ ಗಂಡ. ಅವರಿಗೆ ನಿಜವಾಗಿ ಆಶ್ಚರ್ಯವಾಗಿತ್ತೋ, ಆದ ಹಾಗೆ ಮಾಡಿದರೋ, ಈಗಲೂ ನನಗೆ ಗೊತ್ತಿಲ್ಲ.

ಆ ಮನುಷ್ಯ ಈ ಸಲ ದಾರಿ ಕೇಳಲಿಲ್ಲ. ನಾನು ಕೇಳಿದೆ. ಯಾವ ಊರು ಎಂದರೆ ಚನ್ನರಾಯಪಟ್ಟಣದ ಕಡೆ ಎಂದರು. ಏನು ಮಾಡ್ತೀರಿ ಎಂದರೆ ಪಾತ್ರೆ ಅಂಗಡಿ ಇತ್ತು, ಈಗ ಮಗ ನೋಡಿಕೊಳ್ಳುತ್ತಾನೆ ಎಂದರು. ಮನೆಯವರು ಎಂದರೆ ತೀರಿಕೊಂಡು ನಾಲ್ಕು ವರ್ಷ ಎಂದರು. ದಿನಾ ಒಂದೊಂದು ಗುಡ್ಡ ಹತ್ತುತ್ತೀರಾ ಎಂದು ಕೇಳಿದಾಗ ಮಾತ್ರ ತಡವರಿಸಿ, ಪಂಚೆಯ ಅಂಚು ಸರಿಮಾಡಿಕೊಂಡು, “ಇಲ್ಲಮ್ಮ, ಈಗೀಗ” ಎಂದರು.

ಮೇಲೆ ಹೋಗಿ ದೇವರ ದರ್ಶನ ಮಾಡಿಕೊಂಡು ಹೊರಗೆ ಕೂತೆವು. ಕೆಳಗೆ ತೆಂಗಿನ ತೋಟಗಳು, ನಡುವೆ ರೈಲು ಹಳಿ. ಗಾಳಿ ಜೋರಾಗಿತ್ತು. ಅವ್ವ ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡಳು.

“ಎಡಗಣ್ಣಲ್ಲಿ ಮತ್ತೆ ನೀರು ಬರ್ತಾ ಇದೆಯಾ?” ಎಂದು ಅವರು ಕೇಳಿಬಿಟ್ಟರು.

ಯಾವ ಕಣ್ಣಿಗೆ ಆಪರೇಷನ್ ಆಗಿತ್ತು ಎಂದು ನಾವು ಯಾರೂ ಅವರಿಗೆ ಹೇಳಿರಲಿಲ್ಲ. ಅವ್ವ ತೆಂಗಿನ ತೋಟದ ಕಡೆ ನೋಡುತ್ತ ಕೂತಳು. ನಾನು ಬೆಟ್ಟದ ಫೋಟೋ ತೆಗೆಯುವವಳ ಹಾಗೆ ಫೋನು ಎತ್ತಿ ಆ ಮನುಷ್ಯನ ಮುಖ ಹಿಡಿದೆ. ಎರಡು ಫೋಟೋ.

ಮನೆಗೆ ಬಂದ ಮೇಲೆ ಗಂಡನನ್ನು ಮಹಡಿಗೆ ಕರೆದುಕೊಂಡು ಹೋಗಿ ಎಲ್ಲವನ್ನೂ ಹೇಳಿದೆ. ನಾಲ್ಕು ಎಲೆ, ಬೆಳ್ಳುಳ್ಳಿ, ಐದೂವರೆ ಊಟ, ಕಣ್ಣಾಸ್ಪತ್ರೆ. ಅವ್ವನ ಹೆಸರಿನಲ್ಲಿ ಎರಡು ಎಕರೆ ಗದ್ದೆ ಇದೆ ಎಂಬುದನ್ನೂ ನೆನಪಿಸಿದೆ. ವಯಸ್ಸಾದವರ ಜೊತೆ ನಯವಾಗಿ ಮಾತಾಡಿ ಸಹಿ ಹಾಕಿಸಿಕೊಂಡು ಹೋಗುವವರನ್ನು ನಾನು ಕಚೇರಿಯಲ್ಲಿ ಎಷ್ಟು ನೋಡಿಲ್ಲ.

“ಅವರ ಮುಖ ನೋಡಿದ್ರೆ ಅಂಥೋರ ಥರ ಕಾಣುತ್ತಾ?” ಎಂದರು ಗಂಡ.

“ಅಂಥೋರು ಯಾರೂ ಅಂಥೋರ ಥರ ಕಾಣಲ್ಲ.”

“ಅತ್ತೆನೇ ಕೇಳು ಹಂಗಾದ್ರೆ.”

ಕೆಳಗೆ ಹೋಗಿ ಅವ್ವನನ್ನು ಕೇಳಿದೆ. ಅವಳು ಅವರೆಕಾಯಿ ಬಿಡಿಸುತ್ತಿದ್ದಳು. ನನ್ನ ಮುಖ ನೋಡದೆ ಅಂದಳು: “ನಾಳೆ ಒಂದ್ ದಿನ ಐತಲ್ಲ. ನಾಳೆ ಕಳೀಲಿ, ಆಮೇಲೆ ನೀನೇನ್ ಕೇಳ್ತೀಯೋ ಕೇಳು.”

ಅಂದರೆ ಕೇಳುವುದಕ್ಕೆ ಏನೋ ಇದೆ. ಅದನ್ನು ಅವಳೇ ಒಪ್ಪಿಕೊಂಡ ಹಾಗಾಯಿತು.

ಸೋಮವಾರ ಶ್ರವಣಬೆಳಗೊಳದಲ್ಲಿ ಜನವೋ ಜನ. ಶಾಲೆ ಮಕ್ಕಳ ಬಸ್ಸುಗಳು ಸಾಲಾಗಿ ನಿಂತಿದ್ದವು. ಎಲ್ಲರೂ ದೊಡ್ಡಬೆಟ್ಟದ ಕಡೆ ಹೋಗುತ್ತಿದ್ದರು. ನಾವು ಚಿಕ್ಕಬೆಟ್ಟದ ಬುಡಕ್ಕೆ ಬಂದಾಗ ಆ ಮನುಷ್ಯ ಚಪ್ಪಲಿ ಬಿಡುವ ಜಾಗದಲ್ಲೇ ಕಾಯುತ್ತಿದ್ದರು. ಈ ಸಲ ಅಕಸ್ಮಾತ್ ಸಿಕ್ಕವರ ಹಾಗೆ ನಟಿಸಲೂ ಇಲ್ಲ. “ಬನ್ನಿ” ಎಂದರು, ತಮ್ಮ ಮನೆಗೆ ಕರೆಯುವ ಹಾಗೆ.

ನನಗೆ ಆಗ ಹೊಳೆಯಿತು. ಈರುಳ್ಳಿ ಇಲ್ಲ, ಗೆಡ್ಡೆ ಇಲ್ಲ, ಹೊತ್ತು ಮುಳುಗುವ ಮೊದಲೇ ಊಟ. ಇವರು ಜೈನರು, ಇದೇ ಕಡೆಯವರು. ಇಲ್ಲಿನ ಬಸದಿಗಳ ಸುತ್ತ ಇವರನ್ನು ಬಲ್ಲವರು ಇದ್ದೇ ಇರುತ್ತಾರೆ.

“ನನಗೆ ತಲೆ ನೋಯ್ತಾ ಇದೆ, ನೀವು ಹತ್ತುತ್ತಿರಿ. ನಾನು ಜಿನನಾಥಪುರದ ಬಸದಿ ನೋಡ್ಕೊಂಡು ಬರ್ತೀನಿ” ಎಂದೆ. ತಲೆ ನೋಯುವವರು ಬಸದಿ ನೋಡಲು ಯಾಕೆ ಹೋಗಬೇಕು ಎಂದು ಯಾರೂ ಕೇಳಲಿಲ್ಲ. ಅವ್ವ ಮಾತ್ರ ಒಂದು ಕ್ಷಣ ನನ್ನನ್ನೇ ನೋಡಿ, ಮೆಟ್ಟಿಲ ಕಡೆ ತಿರುಗಿದಳು.

ಜಿನನಾಥಪುರ ಆ ಬೆಟ್ಟದ ಹಿಂಬದಿಯ ಹಳ್ಳಿ. ಆಟೋದಲ್ಲಿ ಹತ್ತು ನಿಮಿಷ. ಬಸದಿಯ ಹೊರಗೋಡೆಯ ಮೇಲೆ ಸಾಲುಸಾಲು ಶಿಲ್ಪಗಳಿವೆ. ಅವುಗಳ ಮುಂದೆ ನಿಂತಿದ್ದು ಎರಡು ನಿಮಿಷ ಇರಬಹುದು. ಪಕ್ಕದ ಬಯಲಿನಲ್ಲಿ ಒಬ್ಬ ಅಜ್ಜಿ ಹುರುಳಿ ಒಣಗಿಸುತ್ತಿದ್ದಳು. ಅವಳಿಗೆ ಫೋನಿನ ಫೋಟೋ ತೋರಿಸಿದೆ.

“ಇವರಾ? ಪಾತ್ರೆ ಅಂಗಡಿಯೋರು. ಅಕಾ, ಅಸ್ರು ಬಾಗ್ಲು, ಅವರ ಅಳೇ ಮನೆ. ಅವರಿಲ್ಲ, ಸೊಸೆ ಬಂದೈತೆ ಇವತ್ತು. ಓಗಿ ಕೇಳಿ.”

ಹಸಿರು ಬಾಗಿಲ ಮುಂದೆ ನನ್ನ ವಯಸ್ಸಿನವಳೇ ಒಬ್ಬಳು ನಿಂತಿದ್ದಳು. ಕೈಯಲ್ಲಿ ಪೊರಕೆ, ಚೂಡಿದಾರದ ದುಪಟ್ಟಾ ಸೊಂಟಕ್ಕೆ ಬಿಗಿದಿದ್ದಳು.

“ಯಾರು ಬೇಕಿತ್ತು?”

“ನಿಮ್ಮ ಅಂಗಡೀಲಿ ಹಿಂದೆ ಕೊಳಗ ತಗೊಂಡಿದ್ವಿ. ಇನ್ನೊಂದು ಅಂಥದ್ದೇ ಬೇಕಿತ್ತು. ಯಜಮಾನರು ಊರಲ್ಲಿ ಇರ್ತಾರೆ ಅಂದ್ರು.”

ನನ್ನ ಬಾಯಿಂದ ಸುಳ್ಳು ಎಷ್ಟು ಸಲೀಸಾಗಿ ಬಂತು ಎಂದು ನನಗೇ ಆಶ್ಚರ್ಯವಾಯಿತು.

“ಯಾವೂರಿಂದ ಬಂದ್ರಿ?”

“ಹಾಸನ.”

ಅವಳು ಪೊರಕೆಯನ್ನು ಗೋಡೆಗೆ ಒರಗಿಸಿದಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆ ನೋಟ ನನಗೆ ಚೆನ್ನಾಗಿ ಗೊತ್ತು. ನಾನು ಅರ್ಜಿ ತಂದವರನ್ನು ಹಾಗೆ ನೋಡುತ್ತೇನೆ.

“ಹಾಸನದಲ್ಲಿ ಎಲ್ಲಿ?” ಎಂದಳು. ಹೇಳಿದೆ. “ಬನ್ನಿ, ಕೂತ್ಕೊಳ್ಳಿ” ಎಂದು ಜಗಲಿಯ ಮೇಲೆ ಕೂರಿಸಿ ಹಿತ್ತಾಳೆ ಚೊಂಬಿನಲ್ಲಿ ನೀರು ತಂದುಕೊಟ್ಟಳು. ಆಮೇಲೆ ಹೇಳಿದಳು: “ನಮ್ಮ ಮಾವ ಇಲ್ಲಿಗೆ ಅಂತ ಹೊರಡ್ತಾರೆ, ಇಲ್ಲಿರೋದಿಲ್ಲ. ಶುಕ್ರವಾರ ಬಂದೋರು ಮೂರು ದಿನದಿಂದ ಬೆಳಿಗ್ಗೆ ಎದ್ದು ಎಲ್ಲಿಗೋ ಹೋಗ್ತಾರಂತೆ. ಆ ಅಜ್ಜಿ ಫೋನ್ ಮಾಡಿ ಹೇಳಿದ್ರು. ಅದಕ್ಕೇ ಅಂಗಡಿ ನಮ್ಮನೆಯವರಿಗೆ ಬಿಟ್ಟು ನಾನೇ ನೋಡೋಣ ಅಂತ ಬಂದೆ.”

ಅಂದರೆ ಅವಳೂ ತನಿಖೆಗೆ ಬಂದಿದ್ದಳು.

“ಒಂದು ಕೇಳ್ತೀನಿ, ತಪ್ಪು ತಿಳ್ಕೋಬೇಡಿ” ಎನ್ನುತ್ತ ಅವಳು ತನ್ನ ಫೋನು ತೆಗೆದಳು. “ಹಾಸನದೋರು ಅಂತೀರಲ್ಲ. ಈಕೇನ ಎಲ್ಲಾದ್ರೂ ನೋಡಿದೀರಾ?”

ಹಾಸನದ ಬಸ್ ಸ್ಟ್ಯಾಂಡಿನ ಕಲ್ಲುಬೆಂಚು. ಮರೂನ್ ಸ್ವೆಟರ್. ಕೈಯಲ್ಲಿ ಸುಲಿದ ಕಿತ್ತಳೆ ಹಣ್ಣು. ಬಾಯಿ ತುಂಬ ನಗುತ್ತಿದ್ದ ನಮ್ಮವ್ವ.

ನಾನು ಫೋಟೋ ನೋಡುತ್ತಲೇ ಇದ್ದೆ. ಅವಳಿಗೆ ಅದು ಬೇರೆಯಾಗಿ ಕಂಡಿರಬೇಕು. ನನಗೆ ಗೊತ್ತಿಲ್ಲ ಎಂದುಕೊಂಡು ಮುಂದುವರಿಸಿದಳು. “ನಮ್ಮ ಪರಿಚಯದೋರು ಕಂಡು ಕಳಿಸಿದ್ದು. ಕಣ್ಣು ಆಪರೇಷನ್ನಿಗೆ ಅಂತ ಹಾಸನಕ್ಕೆ ಹೋದ್ರು ನೋಡಿ, ಅಲ್ಲಿಂದ ಶುರುವಾಗಿದ್ದು. ಅತ್ತೆ ಇದ್ದಾಗ ಅಡುಗೆಮನೆ ಹೊಸ್ತಿಲು ದಾಟಿದೋರಲ್ಲ. ಈಗ ಕೂತು ಉಂಡೆ ಕಟ್ತಾರೆ. ಯಾರಿಗೆ ಅಂದ್ರೆ ಹೇಳಲ್ಲ. ಈ ವಯಸ್ಸಲ್ಲಿ ಗಂಡಸರ ತಲೆ ಕೆಡಿಸೋದು ಸುಲಭ. ಅಂಗಡಿ ಇದೆ, ಮನೆ ಇದೆ, ಅಂತ ಲೆಕ್ಕ ಹಾಕಿರ್ತಾಳೆ. ನಾಚಿಕೆ ಬಿಟ್ಟೋಳು. ಗಂಡ ಸತ್ತೋಳು ಮಕ್ಕಳ ಮನೇಲಿ ಮರ್ಯಾದೆಯಿಂದ ಇರೋದು ಬಿಟ್ಟು…”

ಎರಡು ದಿನದಿಂದ ನಾನು ಆ ಮನುಷ್ಯನ ಬಗ್ಗೆ ಯೋಚಿಸಿದ್ದೆಲ್ಲವನ್ನೂ ಅವಳು ನಮ್ಮವ್ವನ ಬಗ್ಗೆ ಹೇಳುತ್ತಿದ್ದಳು. ನನಗೆ ಬಂದ ಸಿಟ್ಟಿನಲ್ಲಿ ನ್ಯಾಯವೇನೂ ಇರಲಿಲ್ಲ. ಆದರೂ ಬಂತು. ಮುಂಜಾನೆ ನಾಲ್ಕಕ್ಕೆ ಎದ್ದು, ದನ ಕಟ್ಟಿ, ಹೊಲಕ್ಕೆ ಬುತ್ತಿ ಹೊತ್ತು, ಅಪ್ಪ ಎಸೆದ ತಟ್ಟೆಯನ್ನು ಸದ್ದಿಲ್ಲದೆ ಎತ್ತಿ ತೊಳೆದಿಟ್ಟವಳು. ಅವಳನ್ನು ನಾಚಿಕೆ ಬಿಟ್ಟವಳು ಎಂದು ಯಾರೋ ಒಬ್ಬಳು ಜಗಲಿಯ ಮೇಲೆ ಕೂತು ಹೇಳುತ್ತಿದ್ದಾಳೆ.

“ಅವರು ನಮ್ಮವ್ವ” ಎಂದೆ.

ಅವಳು ಫೋನನ್ನು ಮಡಿಲಲ್ಲಿ ಕವುಚಿ ಹಾಕಿದಳು.

ನಾನು ನನ್ನ ಫೋನು ತೆಗೆದು ಅವಳ ಮಾವನ ಫೋಟೋ ತೋರಿಸಿದೆ. “ನಾನೂ ಕೊಳಗ ಕೊಳ್ಳೋಕೆ ಬಂದಿಲ್ಲ. ಇವರು ಯಾರು, ನಮ್ಮವ್ವನ ಗದ್ದೆ ಮೇಲೆ ಕಣ್ಣು ಹಾಕಿದಾರಾ ಅಂತ ವಿಚಾರಿಸೋಕೆ ಬಂದೆ.”

“ನಮ್ಮ ಮಾವನಿಗೆ ನಿಮ್ಮ ಗದ್ದೆ ಯಾಕೆ?” ಎಂದಳು, ತಟ್ಟನೆ.

“ನಮ್ಮವ್ವನಿಗೂ ನಿಮ್ಮ ಅಂಗಡಿ ಬೇಕಾಗಿಲ್ಲ.”

ಹುರುಳಿ ಒಣಗಿಸುತ್ತಿದ್ದ ಅಜ್ಜಿ ಕೈ ನಿಲ್ಲಿಸಿ ನಮ್ಮ ಕಡೆ ನೋಡುತ್ತಿದ್ದಳು. ನಾವಿಬ್ಬರೂ ಅದನ್ನು ಕಂಡು ದನಿ ತಗ್ಗಿಸಿದೆವು. ಕೊನೆಗೆ ಅವಳು, “ಈಗ ಎಲ್ಲಿದಾರೆ ಅವರು?” ಎಂದಳು.

“ಬೆಟ್ಟದ ಮೇಲೆ. ನನ್ನ ಗಂಡನೂ ಇದಾರೆ.”

ಅವಳು ಬಾಗಿಲಿಗೆ ಬೀಗ ಹಾಕಿದಳು. ಹಳ್ಳಿಯ ಕಡೆಯಿಂದಲೇ ಬೆಟ್ಟ ಹತ್ತಲು ದಾರಿಯಿತ್ತು. ಅವಳು ಮುಂದೆ, ನಾನು ಹಿಂದೆ. ಚಪ್ಪಲಿ ಬುಡದಲ್ಲೇ ಬಿಟ್ಟು ಹತ್ತಿದೆವು, ಬರಿಗಾಲಿಗೆ ಬಂಡೆ ಕಾದಿತ್ತು. ದಾರಿಯಲ್ಲಿ ಅವಳು ಒಂದೇ ಒಂದು ಮಾತು ಆಡಿದಳು: “ಆಗ ಅಂದಿದ್ದು, ಮನಸಲ್ಲಿ ಇಟ್ಕೋಬೇಡಿ.” ನಾನು ಹೂಂ ಎನ್ನಲಿಲ್ಲ. ಅವಳ ಮಾವನ ಬಗ್ಗೆ ನಾನು ಅಂದುಕೊಂಡಿದ್ದನ್ನು ಹೇಳಿಬಿಡಬಹುದಿತ್ತು. ಅದನ್ನೂ ಹೇಳಲಿಲ್ಲ.

ಮೇಲೆ ಒಂದು ಬಸದಿಯ ನೆರಳಿನಲ್ಲಿ ಮೂವರೂ ಕೂತಿದ್ದರು. ನನ್ನ ಗಂಡ ಕೆಳಗಿನ ಕಲ್ಯಾಣಿ ತೋರಿಸುತ್ತ ಏನೋ ವಿವರಿಸುತ್ತಿದ್ದರು. ಅವ್ವ ಮತ್ತು ಆ ಮನುಷ್ಯ ಇಬ್ಬರ ನಡುವೆ ಇನ್ನೊಬ್ಬರು ಕೂರುವಷ್ಟು ಜಾಗವಿತ್ತು. ಅಲ್ಲಿ ಬುತ್ತಿ ಚೀಲ ಇತ್ತು. ಸೊಸೆಯನ್ನು ಕಂಡ ಕೂಡಲೇ ಅವರು ಎದ್ದು ನಿಂತರು. ಶಾಲೆಯಲ್ಲಿ ಸಿಕ್ಕಿಬಿದ್ದ ಹುಡುಗನ ಹಾಗಿದ್ದರು ಎಂದರೆ ಅವರಿಗೆ ಅನ್ಯಾಯವಾಗುತ್ತದೆ. ಆದರೆ ಹಾಗೇ ಇದ್ದರು.

ಅವ್ವ ಏಳಲಿಲ್ಲ.

“ಇಬ್ರೂ ಬಂದ್ರಾ, ಒಳ್ಳೇದಾಯ್ತು. ಕೂತ್ಕ ಮಗ” ಎಂದು ತನ್ನದೇ ಸೊಸೆಗೆ ಹೇಳುವಂತೆ ಆ ಹೆಂಗಸಿಗೆ ಹೇಳಿದಳು. ಅವಳು ಕೂರಲಿಲ್ಲ. ನಾನೂ ಕೂರಲಿಲ್ಲ.

“ಏನವ್ವ ಇದೆಲ್ಲ?” ಎಂದೆ.

“ಕಣ್ಣಾಸ್ಪತ್ರೇಲಿ ನೀನು ನನ್ನ ಬಿಟ್ಟು ಆಪೀಸಿಗೆ ಓದೆಯಲ್ಲ, ಅವತ್ತು ಪಕ್ಕದಲ್ಲಿ ಕೂತಿದ್ರು ಇವರು. ಇಬ್ರಿಗೂ ಕಣ್ಣಿಗೆ ಪಟ್ಟಿ. ಮುಖ ಸರಿಯಾಗಿ ಕಾಣಲಿಲ್ಲ. ಮೂರು ಗಂಟೆ ಮಾತಾಡಿದ್ವಿ. ಆಮೇಲೆ ಒತ್ತೊತ್ತಿಗೆ ಡ್ರಾಪ್ಸ್ ಆಕ್ಕಂಡ್ರಾ ಅಂತ ಫೋನ್ ಮಾಡೋರು. ನಾನೂ ಮಾಡ್ತಿದ್ದೆ. ಡ್ರಾಪ್ಸ್ ಮುಗೀತು. ಫೋನು ನಿಲ್ಲಲಿಲ್ಲ. ಅಷ್ಟೇ ಕಣೇ.”

“ಅಷ್ಟೇ ಆದ್ರೆ ಮನೇಲಿ ಹೇಳಬಹುದಿತ್ತಲ್ಲ.”

“ಏಳಿದ್ರೆ ನೀನು ಅರ್ಜಿ ನೋಡ್ದಂಗೆ ನೋಡ್ತಿದ್ದೆ. ಮನ್ಸನ್ನ ನೋಡ್ತಿರಲಿಲ್ಲ. ಅದಕ್ಕೇ ಮೂರು ದಿನ ನಿನ್ನ ಕರ್ಕಂಡು ತಿರುಗಿದ್ದು. ಎದ್ರಿಗೆ ಕೂತು ಉಣ್ಲಿ, ಮಾತಾಡ್ಲಿ, ಆಮೇಲೆ ಏಳಾನ ಅಂತ.”

ನಾನು ಗಂಡನ ಕಡೆ ತಿರುಗಿದೆ. “ನಿಮಗೆ ಗೊತ್ತಿತ್ತಾ?”

“ಶನಿವಾರ ಅನುಮಾನ ಬಂತು” ಎಂದರು. ಕಲ್ಯಾಣಿಯ ಕಡೆ ನೋಡುತ್ತ ಹೇಳಿದರು.

ಆ ಹೊತ್ತಿಗೆ ಸೊಸೆ ಬಾಯಿಬಿಟ್ಟಳು. “ಮಾವ, ನೀವು ಮದುವೆ ಗಿದುವೆ ಅಂತ ಏನಾದ್ರೂ…” ಎಂದು ಅರ್ಧಕ್ಕೆ ನಿಲ್ಲಿಸಿದಳು. ಅವಳ ಕಣ್ಣಲ್ಲಿ ನೀರು ಬಂದಿತ್ತು.

ಅವರು ತಲೆ ಅಲ್ಲಾಡಿಸಿದರು. “ಇಲ್ಲಮ್ಮ. ಅಂಗಡಿ ನಿಮಗೆ ಕೊಟ್ಟ ಮೇಲೆ ನನ್ನ ಹತ್ತಿರ ಮಾತಾಡೋಕೆ ಯಾರೂ ಬರೋದಿಲ್ಲ. ಗಿರಾಕಿ ಬಂದರೂ ನಿಮ್ಮ ಹತ್ತಿರ ಹೋಗ್ತಾರೆ. ಇವರ ಜೊತೆ ಮಾತಾಡಿದರೆ ಹೊತ್ತು ಹೋಗೋದು ಗೊತ್ತಾಗೋದಿಲ್ಲ. ನಿಮಗೆ ಹೇಳೋಕೆ ಧೈರ್ಯ ಬರಲಿಲ್ಲ. ತಪ್ಪು ನನ್ನದು.”

“ಮದ್ವೆ ಯಾರಿಗೆ ಬೇಕಾಗೈತೆ” ಎಂದಳು ಅವ್ವ. “ಒಂದು ಮದ್ವೆ ಸಾಕಾಗಿ ಓಗೈತೆ ನಂಗೆ. ತಿಂಗಳಿಗೊಂದ್ ದಿನ ಯಾವ್ದಾದ್ರೂ ಗುಡ್ಡ ಅತ್ತದು, ಕೂತು ಉಣ್ಣದು, ಬಸ್ ಅತ್ತಿ ಬರದು. ಕದ್ದು ಓಗೋಕೆ ನಂಗೆ ಬರಾಕಿಲ್ಲ. ಅದೊಂದು ಬಿಟ್ರೆ ಇನ್ನೇನೂ ಕೇಳಾಕಿಲ್ಲ ನಿಮ್ಮನ್ನ.”

ಒಂದು ಮದುವೆ ಸಾಕಾಗಿ ಹೋಗಿದೆ ಎಂಬ ಮಾತು ನನ್ನಲ್ಲಿ ಎಲ್ಲೋ ನಾಟಿತು. ಅಪ್ಪನ ಬಗ್ಗೆ ಅವಳು ಅಷ್ಟು ಮಾತು ಆಡಿದ್ದು ಅದೇ ಮೊದಲು. ಪರರ ಮುಂದೆ ಆಡಿದಳಲ್ಲ ಎಂದು ನೋವಾಯಿತು. ಅವಳಿಗೆ ಅವರು ಪರರಲ್ಲ ಎಂಬುದು ಆಗ ಗೊತ್ತಾಯಿತು.

ಅವತ್ತು ಬುತ್ತಿಯಲ್ಲಿ ನಾಲ್ಕೇ ಎಲೆ ಇದ್ದವು. ಸೊಸೆ ಹಸಿವಿಲ್ಲ ಎಂದಳು. ಅವ್ವ ತನ್ನ ಎಲೆಯನ್ನು ಎರಡು ಮಾಡಿ ಅರ್ಧದಲ್ಲಿ ಬಡಿಸಿ ಅವಳ ಮುಂದೆ ಇಟ್ಟಳು. ಅವಳು ಎರಡು ತುತ್ತು ತಿಂದು, “ಈರುಳ್ಳಿ ಹಾಕಿಲ್ಲ” ಎಂದಳು. ಹೊಗಳಿದ್ದೋ, ಕೊನೆಗೂ ಸಾಕ್ಷಿ ಸಿಕ್ಕಿತು ಎಂದಿದ್ದೋ ತಿಳಿಯಲಿಲ್ಲ.

ಎಲ್ಲ ಅಲ್ಲಿಗೇ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಮನೆಗೆ ಬಂದ ಮೇಲೆ ನಾನು ಅವ್ವನ ಜೊತೆ ಒಂದು ವಾರ ಮುಖ ಕೊಟ್ಟು ಮಾತಾಡಲಿಲ್ಲ. ಗದ್ದೆಯ ಪಹಣಿ ತೆಗೆಸಿ ನೋಡಿದೆ. ಎಲ್ಲವೂ ಇದ್ದ ಹಾಗೇ ಇತ್ತು. ಆ ಕಡೆ, ಅವರ ಸೊಸೆ ಅಂಗಡಿಯ ಕಾಗದಪತ್ರ ಇಟ್ಟಿದ್ದ ಬೀರುವಿನ ಬೀಗ ಬದಲಾಯಿಸಿದಳಂತೆ. ಇದನ್ನು ಅವಳೇ ಆಮೇಲೆ ನನಗೆ ಹೇಳಿದಳು. ಏಕೆಂದರೆ ನಾವಿಬ್ಬರೂ ಫೋನು ಮಾಡಿಕೊಳ್ಳಲು ಶುರುಮಾಡಿದ್ದೆವು. ಮೊದಮೊದಲು ವಿಚಾರಣೆಗೆ. “ನಿಮ್ಮಮ್ಮ ಮನೇಲಿದಾರಾ?” “ಇದಾರೆ. ನಿಮ್ಮ ಮಾವ?” “ಈಗ ತಾನೇ ಬಸ್ ಇಳಿದು ಬಂದ್ರು.” ಆಮೇಲೆ ಅವಳ ಮಗನ ಸಿಇಟಿ, ನನ್ನ ಮಗಳ ಹಾಸ್ಟೆಲು, ಚನ್ನರಾಯಪಟ್ಟಣದಲ್ಲಿ ಎಳನೀರಿನ ದರ, ಎಲ್ಲವೂ ಸೇರಿಕೊಂಡವು.

ಮೊದಲ ಎರಡು ತಿಂಗಳು ನಾನು ಅವ್ವ ಮತ್ತು ಆ ಮನುಷ್ಯನ ಜೊತೆಗೇ ಹೋದೆ. ದೊಡ್ಡಗದ್ದವಳ್ಳಿಗೆ ಒಂದು ಸಲ, ಮತ್ತೆ ಸೀಗೆಗುಡ್ಡಕ್ಕೆ ಒಂದು ಸಲ. ಅವರಿಬ್ಬರೂ ಮುಂದೆ ನಡೆಯುತ್ತ ಏನು ಮಾತಾಡುತ್ತಾರೆ ಎಂದು ಕಿವಿಗೊಟ್ಟೆ. ದೊಡ್ಡಗದ್ದವಳ್ಳಿಯಲ್ಲಿ ಆ ಮನುಷ್ಯ ತಾಮ್ರದ ಹಂಡೆಗೆ ಕಲಾಯಿ ಹಾಕುವುದನ್ನು ಅರ್ಧ ಗಂಟೆ ವಿವರಿಸಿದರು. ಅವ್ವ ಹೊಗೆಸೊಪ್ಪಿಗೆ ಬರುವ ರೋಗದ ಬಗ್ಗೆ ಹೇಳಿದಳು. ನನಗೆ ಆಕಳಿಕೆ ಬಂತು. ಮೂರನೇ ತಿಂಗಳು ಹೋಗಲಿಲ್ಲ.

ಆದರೂ ಚಟ ಬಿಟ್ಟಿಲ್ಲ. ಹೋದ ತಿಂಗಳು ಅವ್ವ ರಾಮನಾಥಪುರಕ್ಕೆ ಹೋಗಿ ಬರುತ್ತೇನೆ ಎಂದಳು. ಅವಳು ಹೊರಟ ಮೇಲೆ ಚನ್ನರಾಯಪಟ್ಟಣದಿಂದ ಫೋನು ಬಂತು. “ನಮ್ಮ ಮಾವ ಗೊರೂರಿಗೆ ಅಂತ ಹೇಳಿ ಹೋದ್ರು. ನಿಮ್ಮಮ್ಮನೂ ಗೊರೂರಿಗೇನಾ?” ಎಂದು ಅವಳು ಕೇಳಿದಳು. ಇಲ್ಲ, ರಾಮನಾಥಪುರ ಎಂದೆ. “ಬಂದ ಮೇಲೆ ಕೇಳಿ ಹೇಳಿ” ಎಂದಳು ಅವಳು.

ಸಂಜೆ ಅವ್ವ ಬಂದಾಗ ಕಾಲಿನ ತುಂಬ ಕೆಂಪು ಮಣ್ಣಾಗಿತ್ತು. ಬಚ್ಚಲಿಗೆ ಹೋದಳು. ತೊಳೆಯಲು ಹಾಕೋಣವೆಂದು ಅವಳ ಬಟ್ಟೆ ಚೀಲ ಕೊಡವಿದಾಗ ಹೆಂಗಸರಿಗೆ ಕೊಡುವ ಸೊನ್ನೆ ರೂಪಾಯಿಯ ಬಸ್ ಟಿಕೆಟ್ ಬಿತ್ತು. ಓದಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಅದರಲ್ಲಿದ್ದುದು ರಾಮನಾಥಪುರವೂ ಅಲ್ಲ, ಗೊರೂರೂ ಅಲ್ಲ. ಅರಕಲಗೂಡಿನಿಂದ ಮುಂದೆ, ಅವ್ವ ಹುಟ್ಟಿದ ಊರಿಗೆ ಇಳಿಯುವ ಸ್ಟಾಪು. ಅಜ್ಜ ತೀರಿಕೊಂಡ ಮೇಲೆ, ಅಣ್ಣತಮ್ಮಂದಿರ ಮೇಲಿನ ಸಿಟ್ಟಿಗೆ, 'ಇನ್ನು ಈ ಊರಿಗೆ ಕಾಲಿಡಲ್ಲ' ಎಂದು ಬಂದಿದ್ದ ಊರು. ಅಪ್ಪನೂ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋಗಿರಲಿಲ್ಲ, ನಾನೂ ಕರೆದುಕೊಂಡು ಹೋಗಿರಲಿಲ್ಲ.

ಮಾರನೇ ದಿನ ಚನ್ನರಾಯಪಟ್ಟಣದಿಂದ ಫೋನು ಬಂತು. “ಎಲ್ಲಿಗೆ ಹೋಗಿದ್ರಂತೆ?”

“ರಾಮನಾಥಪುರಕ್ಕೇ” ಎಂದೆ, ತಡವರಿಸದೆ.

“ಹೌದಾ” ಎಂದಳು. ಅವಳು ನಂಬಲಿಲ್ಲ ಎಂದು ದನಿಯಲ್ಲೇ ಗೊತ್ತಾಯಿತು.